ಮೊದ್ಲು ಹೊಲಿಗೆ ನೋಡ್ರಿ

ನ್ಯಾಮತಿ ಬಸ್ ಸ್ಟ್ಯಾಂಡ್ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಜಾತಿ ಸರ್ಟಿಫಿಕೇಟು, ಪರೀಕ್ಷೆ ಅರ್ಜಿ, ಪಾಸ್‌ಪೋರ್ಟ್ ಸೈಜಿನ ಫೋಟೋ, ಹೀಗೆ ಊರಿನ ಕಾಗದಗಳೆಲ್ಲ ಒಂದಲ್ಲ ಒಂದು ದಿನ ನನ್ನ ಕೈ ದಾಟಿಯೇ ಹೋಗುತ್ತವೆ. ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ನನಗೆ ಕಾಗದದಲ್ಲೇ ತಿಳಿಯುತ್ತದೆ. ನುಜಹತ್ ಆಪಾ ವಿಷಯ ಮಾತ್ರ ಹಾಗಲ್ಲ. ಅದರಲ್ಲಿ ನಾನೂ ಒಂದಿಷ್ಟು ಕೈಯಾಡಿಸಿದ್ದೆ, ಅದೂ ಮೊದಮೊದಲು ತಪ್ಪು ಕಡೆಯಿಂದ.

ಆಪಾಗೆ ಈಗ ನಲವತ್ತೊಂದು ವರ್ಷ. ನನಗಿಂತ ದೊಡ್ಡವರು, ಹಾಗಾಗಿ ಊರವರಂತೆ ನಾನೂ ಆಪಾ ಅಂತಲೇ ಕರೆಯುತ್ತೇನೆ. ಅವರ ತಂದೆ ಲಾಲ್‌ಸಾಬ್ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದವರು. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಸುತ್ತಲ ಹಳ್ಳಿಗಳಿಗೆಲ್ಲ ಹೋಗುತ್ತಿದ್ದರು. ಮಗಳಿಗೆ ಹತ್ತನೇ ಕ್ಲಾಸಿಗೆ ಓದು ನಿಂತಿತು, ಆದರೆ ಅಷ್ಟರೊಳಗೆ ಮೆಷಿನ್ನಿನ ಶಬ್ದ ಕೇಳಿಯೇ ಎಲ್ಲಿ ಎಣ್ಣೆ ಕಡಿಮೆಯಾಗಿದೆ ಅಂತ ಹೇಳುವಷ್ಟು ಕಲಿತಿದ್ದರು. ಮದುವೆಯಾದ ಮೇಲೆ ಗಂಡ ಫಯಾಜ್ ಜೊತೆ ಬೆಂಗಳೂರಿಗೆ ಹೋಗಿ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ದುಡಿದರು. ಕೊರೊನಾ ಬಂದು ಆ ಫ್ಯಾಕ್ಟರಿಗೆ ಬೀಗ ಬಿತ್ತು. ಇಬ್ಬರೂ ಊರಿಗೆ ಬಂದರು. ಫಯಾಜ್ ಗೂಡ್ಸ್ ಆಟೋ ಹಾಕಿದರು. ಆಪಾ ಮನೆಯ ಮುಂದಿನ ಕೋಣೆಯಲ್ಲಿ ಆರು ಮೆಷಿನ್ ಇಟ್ಟು ಹೊಲಿಗೆ ಕ್ಲಾಸ್ ಶುರು ಮಾಡಿದರು.

ಆಗ ಅವರೊಬ್ಬರೇ ಅಲ್ಲ ಊರಿಗೆ ಬಂದದ್ದು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಿಂದ ನಮ್ಮ ಕಡೆಯ ನೂರಾರು ಹೆಣ್ಣುಮಕ್ಕಳು ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದಿದ್ದರು. ಒಬ್ಬೊಬ್ಬರು ಒಂದೊಂದು ದಿಕ್ಕು. ಹೊನ್ನಾಳಿಯವರು, ಚನ್ನಗಿರಿಯವರು, ಅತ್ತ ಜಗಳೂರಿನವರು. ಆಪಾ ಹತ್ತಿರ ಎಲ್ಲರ ನಂಬರ್ ಇತ್ತು. ವಾಟ್ಸಾಪಿನಲ್ಲಿ ‘ಹೊಲಿಗೆ ಬಳಗ’ ಅಂತ ಒಂದು ಗುಂಪು ಮಾಡಿದರು. ಎಲ್ಲಿ ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಕೆಲಸ ಇದೆ, ಯಾವ ಅಂಗಡಿಗೆ ಬ್ಲೌಸ್ ಹೊಲಿಯುವವರು ಬೇಕು, ಎಲ್ಲ ಅದರಲ್ಲಿ ಹಾಕುವರು. ಬರೆದು ಹಾಕುತ್ತಿರಲಿಲ್ಲ, ಬಾಯಲ್ಲೇ ಹೇಳಿ ಕಳಿಸುತ್ತಿದ್ದರು. ಎಷ್ಟೋ ಜನರಿಗೆ ಓದುವುದು ನಿಧಾನ. ಎಷ್ಟೋ ಜನರ ಫೋನು ಗಂಡನದು. ಸಂಜೆ ಗಂಡ ಮನೆಗೆ ಬಂದ ಮೇಲೆ ಒಲೆಯ ಮುಂದೆ ಕೂತು ಆಪಾ ದನಿ ಕೇಳಿಸಿಕೊಳ್ಳುತ್ತಿದ್ದರು. ಒಂದು ಗುಂಪು ತುಂಬಿ ಎರಡಾಯಿತು. ಎರಡೂ ಸೇರಿ ಸಾವಿರದ ಎಂಟುನೂರು ಹೆಂಗಸರು.

ಎರಡು ವರ್ಷದ ಹಿಂದೆ ಹೊನ್ನಾಳಿ ರಸ್ತೆಯಲ್ಲಿ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ ಬಂತು. ಹೆಸರು ಬೇಡ ಬಿಡಿ. ನಾನೂರು ಜನ ಟೈಲರ್‌ಗಳು ಬೇಕಾಗಿದ್ದರು. ಕಂಪನಿಯವರು ಮೊದಲು ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಬಿಟ್ಟರು. ಡ್ರೋನ್ ಹಾರಿಸಿ ತೆಗೆದ ಬಿಳಿ ಕಟ್ಟಡ, ಸಾಲು ಸಾಲು ಮೆಷಿನ್ನು, ಹಿಂದೆ ಜೋರು ಮ್ಯೂಸಿಕ್ಕು. ಲೈಕ್‌ಗಳೇನೋ ಸಾವಿರಗಟ್ಟಲೆ ಬಂದವು, ಹೊಲಿಯುವವರು ಬರಲಿಲ್ಲ. ರೀಲ್ಸ್ ನೋಡುವ ಹುಡುಗಿಯರಿಗೆ ಹೊಲಿಗೆ ಬಾರದು, ಹೊಲಿಗೆ ಬರುವವರು ರೀಲ್ಸ್ ನೋಡರು. ಹೀಗಿರುವಾಗ ಯಾರೋ ಆಪಾ ಗುಂಪಿನ ಸುದ್ದಿ ಮುಟ್ಟಿಸಿದರು. ಕಂಪನಿಯ ಎಚ್‌ಆರ್ ಮೇಡಂ ಕಾರಿನಲ್ಲಿ ನ್ಯಾಮತಿಗೇ ಬಂದರು. ಬೆಂಗಳೂರಿನ ಹುಡುಗಿ, ವಯಸ್ಸು ಇಪ್ಪತ್ತೇಳು ಇಪ್ಪತ್ತೆಂಟು ಇರಬೇಕು. ಮಾತು ಮೃದು. ಆಪಾರನ್ನು ‘ಸ್ಥಳೀಯ ನೇಮಕಾತಿ ಸಂಯೋಜಕಿ’ ಮಾಡಿದರು. ಆ ಪತ್ರ ಪ್ರಿಂಟ್ ಆದದ್ದು ನನ್ನ ಅಂಗಡಿಯಲ್ಲೇ. ಲಾಲ್‌ಸಾಬ್ ಅದನ್ನು ಇಸಕೊಂಡು, ಕನ್ನಡಕ ಸರಿಮಾಡಿಕೊಂಡು, ಮಗಳ ಹೆಸರಿನ ಮೇಲೆ ಎರಡು ಸಲ ಬೆರಳಾಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಕೆಲಸ ನೋಡಲು ಸುಲಭ. ಕಂಪನಿ ಕೊಟ್ಟ ಲಿಂಕನ್ನು ಆಪಾ ಗುಂಪಿಗೆ ಹಾಕಬೇಕು. ಲಿಂಕ್ ಒತ್ತಿದವರಿಗೆ ಸ್ವಲ್ಪ ಹೊತ್ತಿಗೆ ಫೋನ್ ಬರುತ್ತದೆ. ಆ ಕಡೆ ಮಾತಾಡುವುದು ಮನುಷ್ಯರಲ್ಲ, ಎಐ. ಹೆಣ್ಣು ದನಿ, ಸಕ್ಕರೆಯಂಥ ಕನ್ನಡ. ಏಳು ಪ್ರಶ್ನೆ ಕೇಳುತ್ತದೆ. ಉತ್ತರ ಕೇಳಿಸಿಕೊಂಡು ತಾನೇ ನೂರಕ್ಕೆ ಇಷ್ಟು ಅಂತ ಅಂಕ ಹಾಕುತ್ತದೆ. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮ್ ಖಾತೆ ಇದ್ದರೆ ಅದಕ್ಕೂ ಒಂದಿಷ್ಟು ಅಂಕ. ಅರವತ್ತು ದಾಟಿದವರಿಗೆ ಮಾತ್ರ ಫ್ಯಾಕ್ಟರಿಗೆ ಕರೆ.

ಮೊದಲ ಎರಡು ವಾರದಲ್ಲಿ ನೂರಾನಲವತ್ತು ಹೆಂಗಸರು ಆ ಫೋನಿಗೆ ಉತ್ತರ ಕೊಟ್ಟರು. ಪಾಸಾದವರು ಹತ್ತೊಂಬತ್ತು ಜನ.

ಒಂದು ಮಧ್ಯಾಹ್ನ ಆಪಾ ನನ್ನ ಅಂಗಡಿಯಲ್ಲಿ ಆ ಪಟ್ಟಿ ಹಿಡಿದುಕೊಂಡು ನಿಂತಿದ್ದರು. ಜೊತೆಗೆ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಿಂದ ಬಂದ ಲಕ್ಷ್ಮೀದೇವಿ. ಶರ್ಟಿನ ಕಾಲರ್ ಕೂರಿಸುವುದರಲ್ಲಿ ಲಕ್ಷ್ಮೀದೇವಿಯಷ್ಟು ಚೊಕ್ಕ ಕೈ ತಾನು ನೋಡಿಲ್ಲ ಅಂತ ಆಪಾ ಯಾವಾಗಲೂ ಹೇಳುತ್ತಿದ್ದರು. ಒಂಬತ್ತು ವರ್ಷ ಅದೊಂದೇ ಕೆಲಸ ಮಾಡಿದಾಕೆ. ಆಕೆಗೆ ಫೋನು ಕೊಟ್ಟ ಅಂಕ ಮೂವತ್ತೆಂಟು.

“ಅದು ಏನು ಕೇಳ್ತು ಅಂತಾನೇ ತಿಳೀಲಿಲ್ಲ ಆಪಾ,” ಅಂದಳು ಲಕ್ಷ್ಮೀದೇವಿ. “ನಿಮ್ಮ ದೌರ್ಬಲ್ಯ ಯಾವುದು ಅಂತು. ನನಗೆ ಯಾವ ಕಾಯಿಲೇನೂ ಇಲ್ರಿ, ಗಟ್ಟಿ ಅದೀನಿ ಅಂದೆ. ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣಬಯಸುತ್ತೀರಿ ಅಂತು. ಎಲ್ಲಿಗೆ ಹೋಗ್ಲಿ, ಕತ್ತಲಗೆರೇಲೇ ಇರ್ತೀನಿ ಅಂದೆ. ತಪ್ಪಾತಾ?”

ನನಗೆ ನಗು ಬಂತು. ಆಪಾ ನಗಲಿಲ್ಲ. “ಪಾಸಾದ ಹತ್ತೊಂಬತ್ತರಲ್ಲಿ ಹದಿಮೂರು ಜನ ಫ್ಯಾಕ್ಟರಿಯ ಪವರ್ ಮೆಷಿನ್ ಮುಂದೆ ಕೂತೇ ಇಲ್ಲ ಪರಮೇಶಿ. ಅವರು ಹೆಂಗೆ ಪಾಸಾದ್ರು?” ಅಂದರು.

ಹೆಂಗೆ ಅಂತ ನನಗೆ ಗೊತ್ತಿತ್ತು. ಬಚ್ಚಿಟ್ಟು ಏನು ಪ್ರಯೋಜನ ಅಂತ ಹೇಳಿಬಿಟ್ಟೆ. ಆ ಹದಿಮೂರು ಜನ ಕಾಲೇಜು ಹುಡುಗಿಯರು, ಮನೆಯವರಿಂದ ಲಿಂಕು, ಪ್ರಶ್ನೆ ಎರಡೂ ತಿಳಿದುಕೊಂಡು ನನ್ನ ಅಂಗಡಿಗೆ ಬಂದಿದ್ದರು. ಏಳು ಪ್ರಶ್ನೆಗೆ ಏಳು ಉತ್ತರ ನಾನೇ ಬರೆದುಕೊಟ್ಟಿದ್ದೆ. ನಾನು ಅಂದರೆ ನಾನಲ್ಲ, ನನ್ನ ಕಂಪ್ಯೂಟರಿನ ಎಐ. ‘ತಂಡದೊಂದಿಗೆ ಸಮನ್ವಯದಿಂದ ಕಾರ್ಯನಿರ್ವಹಿಸುವುದು ನನ್ನ ಶಕ್ತಿ’ ಅಂತೆಲ್ಲ ಅದೇ ಬರೆದಿತ್ತು. ಹುಡುಗಿಯರು ಕಾಗದ ನೋಡಿಕೊಂಡು ಫೋನಿಗೆ ಓದಿದ್ದರು.

“ಬೇಕಿದ್ರೆ ಇವರಿಗೂ ಬರೆದುಕೊಡ್ತೀನಿ ಆಪಾ, ಪುಕ್ಕಟೆ,” ಅಂದೆ.

ಆಪಾ ನನ್ನನ್ನೇ ನೋಡಿದರು. “ಒಂದು ಮೆಷಿನ್ ಕೇಳ್ತು, ಇನ್ನೊಂದು ಮೆಷಿನ್ ಹೇಳ್ತು. ಹೊಲಿಯೋರು ಯಾರಪ್ಪಾ?”

ನಾನು ಬರೆಯಲು ತೆಗೆದಿದ್ದ ಹಾಳೆಯನ್ನು ಪಕ್ಕಕ್ಕಿಟ್ಟೆ.

“ಬೇಡ,” ಅಂದರು ಆಪಾ. “ನಮ್ಮೋರು ಗಿಳಿಪಾಠ ಕಲಿಯೋದು ಬೇಡ. ಅವರಿಗೆ ಕೆಲಸ ಬರ್ತೈತೆ. ತಿಳೀದಿರೋದು ಆ ಫೋನಿಗೆ. ಕಲಿಯೋದು ಇದ್ರೆ ಅದು ಕಲೀಲಿ.”

ಮಾರನೆಯ ದಿನ ಅವರು ಹೊನ್ನಾಳಿ ರಸ್ತೆಯ ಫ್ಯಾಕ್ಟರಿಗೆ ಹೋದರು. ನನ್ನನ್ನೂ ಕರೆದರು, ಕಂಪ್ಯೂಟರ್ ವಿಷಯ ಬಂದರೆ ಒಬ್ಬರು ಇರಲಿ ಅಂತ. ಎಚ್‌ಆರ್ ಮೇಡಂ ಕೂರಿಸಿ ಕಾಫಿ ತರಿಸಿದರು. ಆಪಾ ಹೇಳಿದ್ದನ್ನೆಲ್ಲ ಕೇಳಿ, “ನಿಮಗೆ ಬೇಜಾರಾಗೋದು ಅರ್ಥ ಆಗುತ್ತೆ. ಆದ್ರೆ ಸಿಸ್ಟಂಗೆ ಯಾರ ಪರಿಚಯಾನೂ ಇಲ್ಲ ಮೇಡಂ. ಜಾತಿ ನೋಡಲ್ಲ, ಮುಖ ನೋಡಲ್ಲ, ಶಿಫಾರಸು ಕೇಳಲ್ಲ. ಅದಕ್ಕೇ ಅದು ನ್ಯಾಯವಾಗಿರೋದು,” ಅಂದರು.

“ಪರಿಚಯ ಇಲ್ಲ ಅಂದ್ರೆ ಒಪ್ತೀನಿ. ಮಾತೂ ತಿಳೀದಿದ್ರೆ ಹೆಂಗ್ರೀ? ಅದು ಏನು ಕೇಳಿಸ್ಕೊಂಡೈತೆ ಅಂತ ಒಂದ್ಸಲ ತೋರಿಸ್ರಿ.”

ಮೇಡಂ ಸ್ವಲ್ಪ ಹಿಂದೆಮುಂದೆ ನೋಡಿದರು. ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿದರು. ಲಕ್ಷ್ಮೀದೇವಿ ಆಡಿದ ಮಾತನ್ನು ಎಐ ಹೇಗೆ ಬರೆದುಕೊಂಡಿದೆ ಅಂತ ನಾನೇ ಗಟ್ಟಿಯಾಗಿ ಓದಿದೆ. ‘ಕಾಲರ್ ಕೂರಿಸಾಕೆ ಬರ್ತೈತ್ರಿ’ ಅಂದದ್ದು ಅಲ್ಲಿ ‘ಕಾಲರಾ ಕೂಸು ಸಾಕೆ’ ಅಂತ ಆಗಿತ್ತು. ಬಟ್ಟೆಯ ಅಂಚಿಗೆ ‘ಓವರ್‌ಲಾಕ್ ಹಾಕ್ತೀನ್ರಿ’ ಅಂದದ್ದು ‘ಊರ ಲೋಕ ಹಾಳು’ ಆಗಿತ್ತು. ಪಕ್ಕದಲ್ಲಿ ಷರಾ: ಅಸಂಬದ್ಧ ಉತ್ತರ, ಸಂವಹನ ಕೊರತೆ.

ಮೇಡಂ ಮುಖ ಕೆಂಪಗಾಯಿತು. ಅವರು ಅದನ್ನು ಅಲ್ಲಿಯವರೆಗೆ ತೆರೆದು ನೋಡಿಯೇ ಇರಲಿಲ್ಲ.

“ಈಗ ನನಗೇ ಫೋನ್ ಹಚ್ರಿ,” ಅಂದರು ಆಪಾ.

“ನಿಮಗೆ ಯಾಕೆ? ನೀವು ಆಗ್ಲೇ ನಮ್ಮ ಸ್ಟಾಫ್.”

“ಹಚ್ರಿ.”

ಫೋನ್ ಬಂತು. ಆಪಾ ಮನೆಯಲ್ಲಿ ಮಾತಾಡಿದ ಹಾಗೇ ಮಾತಾಡಿದರು. ಹನ್ನೊಂದು ವರ್ಷದ ಕೆಲಸ, ಯಾವ ಯಾವ ಮೆಷಿನ್ನು, ಒಂದು ಲೈನಿಗೆ ಎಷ್ಟು ಜನ, ದಾರ ಕಡಿದರೆ ಏನು ಮಾಡಬೇಕು, ಎಲ್ಲ ಹೇಳಿದರು. ಐದು ನಿಮಿಷಕ್ಕೆ ಅಂಕ ಬಂತು. ಮೂವತ್ತನಾಲ್ಕು.

ಅಷ್ಟರಲ್ಲಿ ಬಾಗಿಲಲ್ಲಿ ಓಬಳಪ್ಪ ಮಾಸ್ಟರ್ ಬಂದು ನಿಂತಿದ್ದರು. ಹೊಲಿಗೆ ವಿಭಾಗವೆಲ್ಲ ಅವರ ಕೈಕೆಳಗೆ, ಐವತ್ತೈದು ದಾಟಿದವರು. “ನನಗೂ ಒಂದ್ಸಲ ಹಚ್ರಿ ಮೇಡಂ, ನೋಡೋಣ. ಫೇಲಾದ್ರೆ ಮನೆಗೆ ಹೋಗಿ ಎಮ್ಮೆ ಕಾಯ್ತೀನಿ,” ಅಂದರು. ಮೇಡಂ ಹಚ್ಚಲಿಲ್ಲ. ಹೆಡ್ ಆಫೀಸಿಗೆ ಮೇಲ್ ಹಾಕುತ್ತೇನೆ ಅಂದರು. ಹಾಕಿಯೂ ಹಾಕಿದರು, ಅದರಲ್ಲಿ ನನಗೆ ಅನುಮಾನವಿಲ್ಲ. ಎರಡು ವಾರವಾದರೂ ಉತ್ತರ ಬರಲಿಲ್ಲ. ಅದರ ಬದಲು ಆಪಾಗೆ ಒಂದು ಮೆಸೇಜ್ ಬಂತು: ಈ ವಾರ ಇನ್ನೂ ಐನೂರು ಜನಕ್ಕೆ ಲಿಂಕ್ ಕಳಿಸಿ.

ಅವತ್ತು ಆಪಾ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಲಾಲ್‌ಸಾಬ್ ಅಂದರು, “ಬೇಟಾ, ಬಂದ ಕೆಲಸ ಐತೆ. ಲಿಂಕ್ ಕಳಿಸೋದು ಅಷ್ಟೇ ನಿನ್ನ ಜವಾಬ್ದಾರಿ. ತಗೊಳ್ಳೋದು ಬಿಡೋದು ಅವರಿಗೆ ಬಿಟ್ಟಿದ್ದು.”

ಆಪಾ ಅಪ್ಪನ ಕಡೆ ತಿರುಗಿದರು. “ಅಬ್ಬಾ, ಆ ಹೆಂಗಸರು ಫೋನ್ ಎತ್ತಿದ್ದು ಕಂಪನಿ ನೋಡಿ ಅಲ್ಲ, ನನ್ನ ದನಿ ಕೇಳಿ. ಒಂಬತ್ತು ವರ್ಷ ಕಾಲರ್ ಹೊಲಿದೋಳು ಈಗ ಮನೇಲಿ ಕೂತು ನಾನು ದಡ್ಡಿ ಅಂತ ಅಳ್ತಾಳೆ. ಅದನ್ನ ಐನೂರು ಜನಕ್ಕೆ ಹಂಚಲಾ?”

ಮುದುಕರು ಒಪ್ಪಲಿಲ್ಲ. ತಗಡಿನ ಪೆಟ್ಟಿಗೆ ತೆಗೆದು ಕ್ಲಾಸಿನ ಮೆಷಿನ್ನಿಗೆ ಎಣ್ಣೆ ಬಿಡಲು ಕೂತರು.

ಆಪಾ ಬಸ್ ಹತ್ತಿದರು. ಜಗಳೂರಿಗೆ ಹೋದರು, ಚನ್ನಗಿರಿಗೆ ಹೋದರು, ಸೂಳೆಕೆರೆ ಸುತ್ತಲ ಹಳ್ಳಿಗಳಿಗೆ ಹೋದರು. ವಾಟ್ಸಾಪಿನಲ್ಲಿ ಹೇಳಬಹುದಿತ್ತು. ಆದರೆ ಇದು ಎದುರಿಗೆ ಕೂತು ಹೇಳಬೇಕಾದ ಮಾತು ಅಂತ ಅವರಿಗೆ ಅನಿಸಿತ್ತು. ಹೋದಕಡೆಯೆಲ್ಲ ಒಂದೇ ವಿಷಯ. ಲಿಂಕ್ ಕಳಿಸ್ತೀನಿ, ಎಲ್ಲರೂ ಒತ್ರಿ. ಫೋನ್ ಬರ್ತೈತೆ, ಎಲ್ಲರೂ ಎತ್ರಿ. ಅದು ಏನೇ ಕೇಳ್ಲಿ, ಒಂದೇ ಮಾತು ಹೇಳ್ರಿ: ಮೊದ್ಲು ಹೊಲಿಗೆ ನೋಡ್ರಿ, ಆಮೇಲೆ ಮಾತಾಡ್ರಿ.

ಎಲ್ಲರೂ ಹೂಂ ಅನ್ನಲಿಲ್ಲ. ನಂಬರ್ ಬ್ಲಾಕ್ ಮಾಡಿಬಿಟ್ಟರೆ ಏನು ಗತಿ ಅಂದವರಿದ್ದರು. ಜಗಳೂರಿನಲ್ಲಿ ಅಂಜಿನಮ್ಮ ಎಂಬಾಕೆ, ಇಪ್ಪತ್ತೇಳು ಅಂಕ ಬಂದು ಫೇಲಾದವಳು, ಆಪಾಗೆ ಊಟಕ್ಕೆ ಬಡಿಸುತ್ತಿದ್ದಳು. ಅವಳ ಗಂಡ ಸಣ್ಣತಿಮ್ಮಪ್ಪ ಹೊರಗಿನಿಂದಲೇ, “ಕೆಲಸ ಕೇಳೋರು ಕೈ ಮುಗಿದು ಕೇಳ್ಬೇಕು. ಹಿಂಗೆ ಎದುರು ನಿಂತ್ರೆ ಯಾರು ಕೊಡ್ತಾರೆ?” ಅಂದ.

ಅಂಜಿನಮ್ಮ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, “ಕೈ ಮುಗಿಯಾಕೆ ಆ ಕಡೆ ಯಾರು ಅದಾರೆ? ಅದು ಫೋನು,” ಅಂದಳು. ಆಪಾ ಆ ರೊಟ್ಟಿ ಬೇಡ ಅನ್ನಲಿಲ್ಲವಂತೆ.

ಸೋಮವಾರ ಬೆಳಿಗ್ಗೆ ಲಿಂಕ್ ಹೋಯಿತು. ಹತ್ತು ಗಂಟೆಗೆ ಶುರುವಾದ ಫೋನುಗಳು ಸಂಜೆವರೆಗೂ ಬಡಿದುಕೊಂಡವು. ಸೂಳೆಕೆರೆ ಕಡೆಯ ಸುಂಕಲಮ್ಮ ಅಂಗಳದಲ್ಲಿ ಮೀನು ಸ್ವಚ್ಛ ಮಾಡುತ್ತಿದ್ದಳು, ಮೊಣಕೈಯಲ್ಲೇ ಫೋನ್ ಒತ್ತಿ ಸ್ಪೀಕರ್ ಹಾಕಿದಳು. ಆ ಸಕ್ಕರೆ ದನಿ, “ದಯವಿಟ್ಟು ನಿಮ್ಮ ವೃತ್ತಿ ಅನುಭವವನ್ನು ವಿವರಿಸಿ,” ಅಂತು.

“ಮೊದ್ಲು ಹೊಲಿಗೆ ನೋಡ್ರಿ, ಆಮೇಲೆ ಮಾತಾಡ್ರಿ.”

“ಕ್ಷಮಿಸಿ, ನಿಮ್ಮ ಉತ್ತರ ಸ್ಪಷ್ಟವಾಗಲಿಲ್ಲ. ಮತ್ತೊಮ್ಮೆ ಹೇಳಿ.”

“ಮೊದ್ಲು ಹೊಲಿಗೆ ನೋಡ್ರಿ, ಆಮೇಲೆ ಮಾತಾಡ್ರಿ.”

ಏಳು ಪ್ರಶ್ನೆಗೂ ಅದೇ ಉತ್ತರ. ಅವಳ ಸೊಸೆ ಇದನ್ನು ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಿದಳು. ಮೀನಿನ ಪುಟ್ಟಿ, ಚಾಕು, ಸುಂಕಲಮ್ಮನ ಗಂಟುಮುಖ, ಆ ಕಡೆಯಿಂದ ಮತ್ತೆ ಮತ್ತೆ ‘ಕ್ಷಮಿಸಿ’. ಮಧ್ಯಾಹ್ನದ ಹೊತ್ತಿಗೆ ಅದು ನಾಲ್ಕೂ ತಾಲ್ಲೂಕು ಸುತ್ತಿತ್ತು. ನನ್ನ ಅಂಗಡಿಗೆ ಬಂದವರೆಲ್ಲ ಅದನ್ನೇ ತೋರಿಸುವವರು. ಕಂಪನಿಯ ಆ ಡ್ರೋನ್ ರೀಲ್ಸ್ ಕೆಳಗೆ ಹೋಗಿ ನೋಡಿದೆ. ಕಮೆಂಟುಗಳಲ್ಲೆಲ್ಲ ಅದೇ ಸಾಲು. ಒಟ್ಟು ಮುನ್ನೂರ ಹನ್ನೆರಡು ಹೆಂಗಸರು ಅವತ್ತು ಹಾಗೆ ಉತ್ತರ ಕೊಟ್ಟರು. ಒಬ್ಬರೂ ಪಾಸಾಗಲಿಲ್ಲ.

ಮಂಗಳವಾರ ಮೇಡಂ ಫೋನ್ ಮಾಡಿದರು. ದನಿಯಲ್ಲಿ ಆ ಮೃದುತನ ಇರಲಿಲ್ಲ. “ನೀವು ಕಂಪನಿಯ ಒಳಗಿದ್ದುಕೊಂಡು ಹೀಗೆ ಮಾಡಬಾರದಿತ್ತು.”

“ಒಳಗೆ ಬಂದು ಹೇಳಿದೆ, ನೀವು ಕೇಳ್ಲಿಲ್ಲ. ಹೊರಗಿಂದ ಹೇಳಿದ್ದು ಕೇಳಿಸ್ತಲ್ಲ,” ಅಂದರು ಆಪಾ.

ಬುಧವಾರ ಕೆಲಸದಿಂದ ತೆಗೆದ ಪತ್ರ ವಾಟ್ಸಾಪಿಗೆ ಬಂತು. ಆಪಾ ಅದನ್ನೂ ನನ್ನ ಹತ್ತಿರವೇ ಪ್ರಿಂಟ್ ಹಾಕಿಸಿದರು. ‘ಶಿಸ್ತು ಉಲ್ಲಂಘನೆ’ ಅಂತ ದಪ್ಪ ಅಕ್ಷರದಲ್ಲಿತ್ತು. ನಿಧಾನವಾಗಿ ಓದಿದರು, ನನ್ನ ಕೈಗೆ ಕೊಟ್ಟರು.

“ಲ್ಯಾಮಿನೇಷನ್ ಮಾಡಪ್ಪಾ.”

“ಇದನ್ನಾ?”

“ಹೂಂ. ಇದು ನಾನು ದುಡಿದು ತಗೊಂಡಿದ್ದು.”

ಹೇಳುವಾಗ ಗತ್ತಿತ್ತು. ಆದರೆ ಮೆಷಿನ್ನಿನಿಂದ ಬಿಸಿಬಿಸಿ ಹೊರಬಂದ ಆ ಹಾಳೆಯನ್ನು ಅವರು ಇನ್ನೊಂದು ಸಲ ನೋಡದೆ ಮಗುಚಿ ಚೀಲಕ್ಕೆ ಹಾಕಿಕೊಂಡರು. ಕೆಲಸ ಹೋದದ್ದು ಸಣ್ಣ ಸಂಗತಿಯಲ್ಲ. ಗುಂಪಿನಲ್ಲೂ ಕೆಲವರು ನಿಮ್ಮಿಂದ ನಮಗೂ ಬಾಗಿಲು ಮುಚ್ಚಿತು ಅಂತ ಬರೆದರು. ನಲವತ್ತು ಜನ ಗುಂಪು ಬಿಟ್ಟು ಹೋದರು. ಆಪಾ ಯಾರಿಗೂ ತಿರುಗಿ ಉತ್ತರ ಕೊಡಲಿಲ್ಲ. ಕ್ಲಾಸು ನಡೆಸುತ್ತಾ ಇದ್ದರು.

ಪತ್ರ ಬಂದ ಒಂಬತ್ತನೇ ದಿನ ಓಬಳಪ್ಪ ಮಾಸ್ಟರ್ ಫೋನ್ ಬಂತು. ಫ್ಯಾಕ್ಟರಿಯಲ್ಲಿ ತೊಂಬತ್ತು ಮೆಷಿನ್ ಮೇಲೆ ಬಟ್ಟೆ ಮುಚ್ಚಿದೆಯಂತೆ. ಫೋನಿನಲ್ಲಿ ಪಾಸಾಗಿ ಬಂದಿದ್ದ ಹುಡುಗಿಯರಲ್ಲಿ ಅರ್ಧ ಜನ ಬಿಟ್ಟುಹೋದರಂತೆ. ಆರ್ಡರ್ ಕಳಿಸುವ ದಿನ ಹತ್ತಿರ ಬಂದಿದೆಯಂತೆ. ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರು ಬಂದು, ಆ ಮುನ್ನೂರ ಹನ್ನೆರಡು ಉತ್ತರ ತೆರೆದು ಕೂತು, ಇದೇನು ಅಂತ ಕೇಳಿದರಂತೆ. “ನಾನು ಹೇಳ್ದೆ ಕಣಮ್ಮ. ಸಾಹೇಬ್ರೇ, ಅವರು ಸರಿಯಾಗೇ ಹೇಳ್ಯಾರೆ, ನೋಡ್ರಿ ಅಂದೆ. ಭಾನುವಾರ ಕರ್ಕೊಂಡು ಬರ್ರಿ. ಮೆಷಿನ್ ಮುಂದೆ ಕೂರಿಸ್ತೀನಿ.”

ಭಾನುವಾರ ಎಂಬತ್ತಾರು ಜನ ಬಂದರು. ಫಯಾಜ್ ಆಟೋದಲ್ಲಿ ಕೆಲವರು, ಟೆಂಪೋದಲ್ಲಿ ಕೆಲವರು, ಜಗಳೂರಿನವರು ನಸುಕಿನ ಬಸ್ ಹಿಡಿದು. ಗೇಟಿನಲ್ಲಿ ಸೆಕ್ಯುರಿಟಿಯವನು ಪಟ್ಟಿ ನೋಡಿ ಎಲ್ಲರನ್ನೂ ಒಳಗೆ ಬಿಟ್ಟ, ಆಪಾರನ್ನು ಬಿಡಲಿಲ್ಲ. ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಒಳಗೆ ಹೋಗಿದ್ದ ಲಕ್ಷ್ಮೀದೇವಿ ಅದನ್ನು ಕಂಡು, “ಆಪಾ ಬರದಿದ್ರೆ ನಾನೂ ಬರಲ್ಲ,” ಅಂತ ವಾಪಸ್ ಬಂದಳು. ಆಪಾ ಅವಳ ತೋಳು ಹಿಡಿದು ತಿರುಗಿಸಿ, “ನಾನು ಕಾಲರ್ ಹೊಲಿಯಾಕೆ ಬಂದಿಲ್ಲ, ನೀನು ಬಂದೀಯ. ನಡಿ,” ಅಂತ ಗೇಟಿನೊಳಕ್ಕೆ ನೂಕಿದರು. ಆಮೇಲೆ ಆಪಾ, ಅವರ ಜೊತೆ ಬಂದಿದ್ದ ನಾನು, ಇಬ್ಬರೂ ರಸ್ತೆಯಾಚೆ ಟೀ ಅಂಗಡಿಯ ಬೆಂಚಿನ ಮೇಲೆ ಮೂರು ತಾಸು ಕೂತೆವು.

ಒಳಗೆ ನಡೆದದ್ದನ್ನು ಲಕ್ಷ್ಮೀದೇವಿ ಆಮೇಲೆ ಹೇಳಿದಳು. ಮಾಸ್ಟರ್ ಒಬ್ಬೊಬ್ಬರಿಗೂ ಕತ್ತರಿಸಿದ ಬಟ್ಟೆ ಕೊಟ್ಟರು. ಕೆಲವರಿಗೆ ತೋಳಿನ ಕಫ್, ಕೆಲವರಿಗೆ ಜೇಬು, ಇವಳಿಗೆ ಕಾಲರ್. ಬೆಂಗಳೂರು ಬಿಟ್ಟು ಬಂದ ಮೇಲೆ ಅವಳು ಪವರ್ ಮೆಷಿನ್ ಮುಟ್ಟಿರಲಿಲ್ಲ. ಪೆಡಲ್ ಮೇಲೆ ಕಾಲಿಟ್ಟಾಗ ಮೊದಲ ಸಲ ಬಟ್ಟೆ ಸರ್ರನೆ ಓಡಿಹೋಯಿತು. ಬಿಚ್ಚಿ ಮತ್ತೆ ಹಾಕಿದಳು. ಹೆಡ್ ಆಫೀಸಿನ ಸಾಹೇಬರು ಅವಳ ಕಾಲರ್ ಎತ್ತಿಕೊಂಡು ಎರಡೂ ಮೂಲೆ ಒಂದರ ಮೇಲೊಂದು ಇಟ್ಟು ನೋಡಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. “ಇವರನ್ನ ಸಿಸ್ಟಂ ಯಾಕೆ ಕೈಬಿಟ್ಟಿತು?” ಅಂತ ಕೇಳಿದರಂತೆ. ಎಚ್‌ಆರ್ ಮೇಡಂ ತಲೆ ತಗ್ಗಿಸದೆ, “ನಾನು ಮೇಲ್ ಹಾಕಿದ್ದೆ ಸರ್,” ಅಂದರಂತೆ.

ಅರವತ್ತೊಂದು ಜನ ಆಯ್ಕೆಯಾದರು. ಇಪ್ಪತ್ತೈದು ಜನ ಆಗಲಿಲ್ಲ. ಆಗದವರು ಮುಖ ಸಣ್ಣ ಮಾಡಿಕೊಂಡು ಟೀ ಅಂಗಡಿ ಹತ್ತಿರ ಬಂದಾಗ ಆಪಾ ಮತ್ತೆ ಜಗಳಕ್ಕೆ ಹೋಗಬಹುದು ಅಂತ ನಾನು ಕಾದೆ. ಹೋಗಲಿಲ್ಲ. “ಹೊಲಿಗೆ ನೋಡಿ ಬೇಡ ಅಂದ್ರು. ಅದಕ್ಕೆ ನನ್ನ ತಕರಾರಿಲ್ಲ. ನಾಳೆಯಿಂದ ಕ್ಲಾಸಿಗೆ ಬರ್ರಿ, ಕಲಿಸ್ತೀನಿ,” ಅಂದರು.

ಅಂಜಿನಮ್ಮ ಆಯ್ಕೆಯಾದವರಲ್ಲಿ ಒಬ್ಬಳು. ಜಗಳೂರಿನಿಂದ ದಿನಾ ಓಡಾಡುವ ಮಾತಲ್ಲ. ಫ್ಯಾಕ್ಟರಿ ಹಾಸ್ಟೆಲ್ಲಿನಲ್ಲಿ ಇರ್ತೀನಿ, ಶನಿವಾರ ಊರಿಗೆ ಬರ್ತೀನಿ ಅಂತ ಅಲ್ಲೇ ನಿಂತು ಗಂಡನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಸಣ್ಣತಿಮ್ಮಪ್ಪ ಬಹಳ ಹೊತ್ತು ಏನೇನೋ ಅಂದ. ಅವಳು ಎಲ್ಲ ಕೇಳಿಸಿಕೊಂಡು, “ಹಿಟ್ಟು ಡಬ್ಬೀಲಿ ಐತೆ,” ಅಂತ ಫೋನ್ ಇಟ್ಟಳು. ಈಗ ಹದಿನಾಲ್ಕು ತಿಂಗಳಾಯಿತು, ಹಾಸ್ಟೆಲ್ಲಿನಲ್ಲೇ ಇದ್ದಾಳೆ.

ಆಪಾರನ್ನು ಕಂಪನಿ ವಾಪಸ್ ತೆಗೆದುಕೊಳ್ಳಲಿಲ್ಲ. ಅವರೂ ಕೇಳಲಿಲ್ಲ. ಫೋನಿನ ಎಐ ಈಗಲೂ ಇದೆ, ಆದರೆ ಹೆಸರು, ಊರು, ಯಾವ ಮೆಷಿನ್ ಗೊತ್ತು, ಇಷ್ಟೇ ಕೇಳುತ್ತದೆ. ಅಂಕ ಹಾಕುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಸದ್ಯಕ್ಕೆ ಎಂಬ ಮಾತು ಮೇಡಂ ಬಾಯಿಂದಲೇ ಬಂದದ್ದು. ಮೊನ್ನೆ ಶುಕ್ರವಾರ ಅವರೇ ಆಪಾ ಮನೆಗೆ ಬಂದಿದ್ದರು, ನಾನೂ ಅಲ್ಲಿದ್ದೆ. ನಮ್ಮ ಕಡೆಯ ಹೆಂಗಸರ ಮಾತನ್ನು ರೆಕಾರ್ಡ್ ಮಾಡಿ ಎಐಗೆ ಕಲಿಸಬೇಕಂತೆ. ಸಾವಿರ ದನಿ ಬೇಕಂತೆ. ಆಪಾ ಒಪ್ಪಿದರೆ ಗುಂಪಿನಿಂದ ಸುಲಭವಾಗಿ ಸಿಗುತ್ತವೆ.

“ಕಲಿಸೋಣ,” ಅಂದರು ಆಪಾ. “ಕಲಿತ ಮೇಲೆ ಅದು ಮತ್ತೆ ಅಂಕ ಹಾಕಾಕೆ ಕೂತ್ರೆ? ಕೆಲಸಕ್ಕೆ ತಗೊಳ್ಳೋದು ಬಿಡೋದು ಹೊಲಿಗೆ ನೋಡಿದ ಮನುಷ್ಯರು, ಫೋನಲ್ಲ ಅಂತ ಕಾಗದದ ಮೇಲೆ ಬರೆದುಕೊಡ್ರಿ. ಸಾವಿರ ಅಲ್ಲ, ಎರಡು ಸಾವಿರ ದನಿ ಕೊಡಿಸ್ತೀನಿ.”

“ಅದನ್ನ ನಾನು ಬರೆದುಕೊಡೋಕೆ ಆಗಲ್ಲ ಆಪಾ. ನನ್ನ ಕೈಲಿಲ್ಲ,” ಅಂದರು ಮೇಡಂ. ಅವರೂ ಈಗ ಆಪಾ ಅಂತಲೇ ಕರೆಯುತ್ತಾರೆ.

“ಯಾರ ಕೈಲಿ ಐತೋ ಅವರನ್ನ ಕಳಿಸ್ರಿ. ಚಹಾ ಕುಡಿದು ಹೋಗ್ರಿ.”

ಮೇಡಂ ಚಹಾ ಕುಡಿದು ಹೋದರು. ಆಪಾ ಬಾಗಿಲ ತನಕ ಹೋಗಿ ಕಳಿಸಿ ಬಂದರು. ಕ್ಲಾಸಿನಲ್ಲಿ ಆರೂ ಮೆಷಿನ್ ಓಡುತ್ತಿದ್ದವು. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಹಿಂದೆ ನಿಂತು, ಅವಳು ಹಾಕಿದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಸೊಟ್ಟ ಐತೆ. ಬಿಚ್ಚಿ ಇನ್ನೊಂದ್ಸಲ ಹಾಕವ್ವಾ,” ಅಂದರು.